ಶರೀಫಜ್ಜನಿಗೆ ಒಪ್ಪಿದ ಗುರು

ಹಿರೇಕೆರೂರಿನ ಗೆಳೆಯನೊಬ್ಬ ಫೋನ್ ಮಾಡಿದ್ದ. ಅಪ್ಪ ತೀರಿಕೊಂಡ ಮೇಲೆ ಅವನಿಗೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಥೆರಪಿಗೆ ಹೋಗೋಣ ಅಂದ್ರೆ ಸಿಬಿಟಿ, ಸೈಕೋಡೈನಮಿಕ್, ಗ್ರೂಪ್ ಅಂತ ನೂರೆಂಟು ಹೆಸರು. ತನಗೆ ಯಾವುದು ಸರಿಹೋಗುತ್ತೆ ಅಂತ ಕೇಳಿದ. ನಾನು ಶಿಗ್ಗಾವಿ ತಾಲ್ಲೂಕಿನವನು. ನನಗೆ ನೆನಪಾದದ್ದು ನಮ್ಮ ಶಿಶುನಾಳದ ಶರೀಫಜ್ಜ.

ಶರೀಫರು ಹುಟ್ಟಿದ್ದು 1819ರ ಮಾರ್ಚ್ 7ರಂದು. ತಂದೆ ಇಮಾಮ್ ಸಾಹೇಬರು ಹುಲಗೂರಿನ ಖಾದರ್ ಷಾ ವಲಿಗೆ ನಡೆದುಕೊಳ್ಳುತ್ತಿದ್ದವರು. ಹುಡುಗ ಮುಲ್ಕಿ ಪಾಸು ಮಾಡಿ ಮಾಸ್ತರನಾದ. ಇವತ್ತಿನ ಲೆಕ್ಕದಲ್ಲಿ ಸೆಟಲ್ ಆದಂಗೆ. ಆದರೆ ಆ ನೌಕರಿಯನ್ನೂ ಬಿಟ್ಟರು. ಮನೆತನದ ದಾರಿ ಹುಲಗೂರಿಗೆ ಹೋಗುತ್ತಿತ್ತು. ಶರೀಫರಿಗೆ ಗುರುವಾಗಿ ಒದಗಿದ್ದು ಕಳಸದ ಗೋವಿಂದಭಟ್ಟರು. ಮಡಿ-ಮೈಲಿಗೆ ಲೆಕ್ಕಿಸದ ಬ್ರಾಹ್ಮಣ. ಮೊದಲ ಭೇಟಿಯಲ್ಲೇ ಭಟ್ಟರು ನಿನ್ನಪ್ಪ ಯಾರು ಅಂತ ಕೆಣಕಿದರಂತೆ, ನಿಮಗೂ ನನಗೂ ಅಪ್ಪ ಒಬ್ಬನೇ ಅನ್ನೋ ಅರ್ಥದಲ್ಲಿ ಹುಡುಗ ತಿರುಗಿ ಹೇಳಿದನಂತೆ. ಇದು ಜನರ ಬಾಯಲ್ಲಿ ಉಳಿದ ಕತೆ. ಗುರುವಿಗೆ ಎದುರು ಮಾತಾಡಬಹುದಿತ್ತು ಅನ್ನೋದೇ ಅದರಲ್ಲಿ ನನಗೆ ಮುಖ್ಯ. ಎರಡೂ ಕಡೆಯ ಜನ ಬೈದರು, ಇಬ್ಬರೂ ಬಿಟ್ಟುಕೊಡಲಿಲ್ಲ.

ಕುಂದಗೋಳದ ಫಾತಿಮಾರನ್ನು ಮದುವೆಯಾದರು. ಒಂದು ಹೆಣ್ಣುಮಗುವಾಯಿತು. ಮಗುವೂ ಹೋಯಿತು, ಹೆಂಡತಿಯೂ ಹೋದರು. ಆಮೇಲೆ ಉಳಿದದ್ದು ಗುರು, ಅಲೆದಾಟ, ತತ್ವಪದ. ನವಲಗುಂದದ ನಾಗಲಿಂಗಜ್ಜ, ಗರಗದ ಮಡಿವಾಳಪ್ಪ, ಹೀಗೆ ಹಲವರ ಸಂಗ ಮಾಡಿದರು. ಭಟ್ಟರ ಶಿಷ್ಯನಾದೆ ಅಂತ ಮೊಹರಂ ಬಿಡಲಿಲ್ಲ, ಅಲಾವಿ ಕುಣಿಯೋರಿಗೆ ರಿವಾಯತ್ ಪದ ಕಟ್ಟಿಕೊಟ್ಟರು. ಸೋರುವ ಮನೆ, ಕೋಳಿ, ಕೊಡಗ ಎಲ್ಲಾ ಪದಕ್ಕೆ ಬಂದವು. ಒಬ್ಬರೇ ಗುನುಗಿದ್ದಲ್ಲ, ಜನರ ನಡುವೆ ಹಾಡಿದ್ದು.

1973ರಲ್ಲಿ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ, ನಮ್ಮ ದೇಶದ ಥೆರಪಿಗೆ ಗುರು-ಶಿಷ್ಯ ಸಂಬಂಧ ಒಂದು ಮಾದರಿ ಆಗಬಹುದು ಅಂತ ಬರೆದರು. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಗುರು ಶರಣಾಗತಿ ಕೇಳಬಹುದು, ಥೆರಪಿಸ್ಟ್ ಕೇಳಕೂಡದು. ಆದರೆ ಯಾವ ಪದ್ಧತಿಯಾದರೂ, ಎದುರು ಕೂತವರ ಜೊತೆ ಕೂಡಿಬರುವ ನಂಬಿಕೆ ಫಲಿತಾಂಶಕ್ಕೆ ದೊಡ್ಡ ಕಾರಣ ಅಂತ ಸಂಶೋಧನೆಗಳೂ ಹೇಳುತ್ತಾ ಬಂದಿವೆ.

ಗೆಳೆಯನಿಗೆ ಹೇಳಿದ್ದು ಇಷ್ಟು. ಎದೆ ಡವಗುಟ್ಟುವ ಗಾಬರಿಯೇ ಮುಖ್ಯ ತೊಂದರೆಯಾದರೆ ಸಿಬಿಟಿ ಕೇಳು, ಅದಕ್ಕೆ ಒಳ್ಳೆಯ ಪುರಾವೆ ಇದೆ. ಅಗಲಿಕೆಯ ದುಃಖವೇ ಆದರೆ ಅದರಲ್ಲಿ ಪಳಗಿದ, ಕೇಳಿಸಿಕೊಳ್ಳುವ ಜನ ಬೇಕು. ಯಾವ ಪದ್ಧತಿ, ಎಷ್ಟು ವಾರ, ಎಷ್ಟು ಫೀಸು ಅಂತ ಮೊದಲ ದಿನವೇ ಬಾಯಿಬಿಟ್ಟು ಕೇಳು. ಸಾಯಬೇಕು ಅನಿಸಿದರೆ ಮಾತ್ರ ಆರಿಸ್ತಾ ಕೂರಬೇಡ: ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ, ಇಲ್ಲಾ ಧಾರವಾಡದ ಡಿಮ್ಹಾನ್ಸಿಗೆ ಹೋಗು. ಔಷಧಿ ಬೇಕಾದರೆ ಅಲ್ಲಿನ ವೈದ್ಯರು ಹೇಳ್ತಾರೆ.

ಅವನು ಹೋದ ಮೊದಲ ಕೌನ್ಸೆಲರ್ ನೋವು ಕೇಳೋ ಮುಂಚೆ ಜಾತಿ ಕೇಳಿದರಂತೆ. ಎದ್ದು ಬಂದ. ತನ್ನದೇ ತಪ್ಪೇನೋ ಅಂತ ಒಂದು ವಾರ ಒದ್ದಾಡಿದ.

ಶರೀಫರು ತೀರಿಕೊಂಡದ್ದು 1889ರ ಮಾರ್ಚ್ 7ರಂದು, ಹುಟ್ಟಿದ ದಿನವೇ. ಎಪ್ಪತ್ತು ತುಂಬಿತ್ತು. ಅಂತ್ಯಕ್ರಿಯೆಯನ್ನು ಹಿಂದೂಗಳು, ಮುಸ್ಲಿಮರು ಇಬ್ಬರೂ ಅವರವರ ರೀತಿಯಲ್ಲಿ ಮಾಡಿದರು. ಸವಣೂರಿನಿಂದ, ಹಾನಗಲ್ಲಿನಿಂದ ಮನಸ್ಸಿನ ಭಾರ ಹೊತ್ತು ಇವತ್ತೂ ಆ ಗದ್ದಿಗೆಗೆ ಬರ್ತಾರೆ. ಗೆಳೆಯನೂ ಬಂದಿದ್ದ. ಸಂಜೆವರೆಗೆ ಕೂತಿದ್ದು, ಹೊರಡುವಾಗ ಬೇರೆ ಕೌನ್ಸೆಲರ್ ನಂಬರ್ ಕೇಳಿ ಬರಕೊಂಡ.