ಐವತ್ತು ಪದಗಳ ಉಕ್ತಲೇಖನ: ಎಗಾನ್ ಕಿಶ್ ಅವರ ಕತೆ

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಉಕ್ತಲೇಖನ ಗೊತ್ತೇ ಇರುತ್ತೆ. ಮೇಷ್ಟ್ರು ಒಂದೊಂದೇ ಪದ ಹೇಳ್ತಾರೆ, ನಾವು ಬರೀತೀವಿ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಕೆಂಪು ಗೆರೆ, ಆ ಪದವನ್ನು ಹತ್ತು ಸಲ ಬರೆಯೋ ಶಿಕ್ಷೆ. ಬೈಸಿಕೊಂಡರೂ ಕೊನೆಗೆ ಪದ ಕೈಗೆ ಬರ್ತಿತ್ತು. ನಾವು ಇಂಗ್ಲಿಷ್ ಕಲಿತದ್ದೂ ಹೆಚ್ಚುಕಡಿಮೆ ಹೀಗೇ, ಡಿಕ್ಟೇಷನ್ ಬರೆದು. ಇಲ್ಲಿಗೆ ಬರುವ ಮುಂಚೆ ನಮ್ಮಲ್ಲಿ ಅನೇಕರು ಕಟ್ಟಿದ ಪಿಟಿಇ ಪರೀಕ್ಷೆಯಲ್ಲೂ ವಾಕ್ಯ ಕೇಳಿಸಿಕೊಂಡು ಟೈಪ್ ಮಾಡುವ ಭಾಗ ಒಂದಿದೆ.

ಇದೇ ಆಸ್ಟ್ರೇಲಿಯಾದಲ್ಲಿ ಒಂದು ಕಾಲಕ್ಕೆ ಉಕ್ತಲೇಖನ ಇದ್ದದ್ದು ಕಲಿಸೋದಕ್ಕಲ್ಲ, ಬಾಗಿಲು ಹಾಕೋದಕ್ಕೆ. ಆ ಬಾಗಿಲಿನ ಮುಂದೆ ಕಾಲು ಮುರಿದುಕೊಂಡು ನಿಂತು, ಇಡೀ ದೇಶಕ್ಕೆ ಅದರ ಬಣ್ಣ ತೋರಿಸಿದವರು ಎಗಾನ್ ಎರ್ವಿನ್ ಕಿಶ್. ಈ ಸಲ ನಾವು ಅವರ ಬದುಕಿನ ಬಗ್ಗೆ ಬರೆಯುತ್ತಿದ್ದೇವೆ.

ಕಿಶ್ ಹುಟ್ಟಿದ್ದು 1885ರ ಏಪ್ರಿಲ್ 29ರಂದು, ಪ್ರಾಗ್ ನಗರದಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮನೆಯಲ್ಲಿ ಜರ್ಮನ್ ಮಾತಾಡುವ ಯಹೂದಿ ಕುಟುಂಬ, ಬೀದಿಗೆ ಬಂದರೆ ಚೆಕ್ ಭಾಷೆ. ಬೆಳಗಾವಿಯಲ್ಲೋ ಕಾಸರಗೋಡಿನಲ್ಲೋ ಬೆಳೆದ ನಮ್ಮ ಗೆಳೆಯರಿಗೆ ಇದು ಹೊಸದೇನಲ್ಲ. ಹುಡುಗ ಹೀಗೆ ಎರಡು ಭಾಷೆಯಲ್ಲಿ ಬೆಳೆದು ಪತ್ರಕರ್ತನಾದ. 1913ರಲ್ಲಿ ಆಸ್ಟ್ರಿಯಾ ಸೇನೆಯ ಕರ್ನಲ್ ರೆಡ್ಲ್ ಎಂಬ ಅಧಿಕಾರಿ ರಷ್ಯಾಕ್ಕೆ ಗುಟ್ಟು ಮಾರಿ ಸಿಕ್ಕಿಬಿದ್ದು, ಗುಂಡು ಹಾರಿಸಿಕೊಂಡು ಸತ್ತ. ಸೇನೆ ವಿಷಯ ಮುಚ್ಚಿಟ್ಟಿತು. ಕಿಶ್ ಅವರ ಫುಟ್‌ಬಾಲ್ ತಂಡದಲ್ಲಿ ಬೀಗ ರಿಪೇರಿಯವನೊಬ್ಬ ಆಡ್ತಿದ್ದ. ಅವನು ಒಂದು ಭಾನುವಾರ ಪಂದ್ಯಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದಾಗ, ಸೇನೆಯವರು ಒಂದು ಮನೆಯ ಬೀಗ ಒಡೆಯಲು ಕರೆದೊಯ್ದಿದ್ದರು ಎಂದು ಗೊತ್ತಾಯಿತು. ಗುಟ್ಟು ಹೊರಬಿದ್ದದ್ದು ಹಾಗೆ ಎಂದು ಕಿಶ್ ಅವರೇ ಬರೆದುಕೊಂಡಿದ್ದಾರೆ.

ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡ ಮೇಲೆ ಅವರು ಎಡಪಂಥಕ್ಕೆ ಹೊರಳಿದರು. ಬರ್ಲಿನ್‌ನಲ್ಲಿ ನೆಲೆಸಿ, ದೇಶ ದೇಶ ಸುತ್ತಿ ವರದಿಗಳನ್ನು ಬರೆದರು. 1933ರ ಫೆಬ್ರವರಿಯಲ್ಲಿ ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಹಿಟ್ಲರ್ ಸರ್ಕಾರ ಅವರನ್ನು ಬಂಧಿಸಿತು. ಚೆಕ್ ಪ್ರಜೆಯಾದ್ದರಿಂದ ಜೈಲಿನಿಂದ ಗಡೀಪಾರಾಗಿ ಬದುಕಿಕೊಂಡರು. ಅವರ ಪುಸ್ತಕಗಳು ಬೆಂಕಿಗೆ ಹೋದವು. ನಾಜಿ ಜೈಲು ಹೇಗಿರುತ್ತೆ ಎಂದು ಕಂಡು ಬಂದವರು ಆಗ ಹೊರಗೆ ಹೆಚ್ಚಿರಲಿಲ್ಲ. ಹಾಗಾಗಿ 1934ರ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ನಡೆಯಲಿದ್ದ ಯುದ್ಧ ಮತ್ತು ಫ್ಯಾಸಿಸಂ ವಿರೋಧಿ ಸಮ್ಮೇಳನಕ್ಕೆ ಅವರಿಗೆ ಕರೆ ಬಂತು.

ಕಿಶ್ ಹಡಗು ಹತ್ತಿ ಬರುವಷ್ಟರಲ್ಲಿ ನಾವು ಇಲ್ಲಿನ ಕಾನೂನನ್ನು ಸ್ವಲ್ಪ ನೋಡೋಣ. ಆಸ್ಟ್ರೇಲಿಯಾ ಒಕ್ಕೂಟವಾದ 1901ರಲ್ಲೇ ವಲಸೆ ನಿರ್ಬಂಧ ಕಾಯ್ದೆ ಬಂತು. ಬಿಳಿಯರಲ್ಲದವರು ಬರಬಾರದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅದರ ಬದಲು, ಅಧಿಕಾರಿ ಯುರೋಪಿನ ಒಂದು ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದು, ಬರೆಯಲಾಗದಿದ್ದರೆ ಪ್ರವೇಶವಿಲ್ಲ ಎಂದಿತ್ತು. ಇದರ ಮಾದರಿ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ನೆಟಾಲ್‌ನಲ್ಲಿ. ಗಾಂಧೀಜಿ ಅಲ್ಲಿದ್ದ ಕಾಲದಲ್ಲಿ, 1897ರಲ್ಲಿ, ಭಾರತೀಯರನ್ನು ತಡೆಯಲೆಂದೇ ಯುರೋಪಿನ ಭಾಷೆ ಬರೆಯಬೇಕೆಂಬ ಕಾನೂನು ಮಾಡಿದ್ದರು. ಇಲ್ಲಿ ಅದಕ್ಕೆ ಇನ್ನಷ್ಟು ಹರಿತ ಬಂತು. ಯಾರಿಗೆ ಪರೀಕ್ಷೆ, ಯಾವ ಭಾಷೆಯಲ್ಲಿ ಎಂಬ ಎರಡೂ ಅಧಿಕಾರಿಯ ಕೈಯಲ್ಲಿ. 1902-03ರಲ್ಲಿ 805 ಸಲ ಪರೀಕ್ಷೆ ನಡೆದು 46 ಮಂದಿ ಪಾಸಾದರು. 1909ರ ನಂತರ ಒಬ್ಬರೂ ಪಾಸಾಗಲಿಲ್ಲ. ಪಾಸಾಗುವವರಿಗೆ ಬೇರೆ ಭಾಷೆ ಕೊಟ್ಟರಾಯಿತು!

ಸ್ಟ್ರಾತೇರ್ಡ್ ಹಡಗು ಫ್ರೀಮ್ಯಾಂಟಲ್ ಮುಟ್ಟಿದಾಗಲೇ ಕಿಶ್ ಇಳಿಯಕೂಡದು ಎಂಬ ಆದೇಶ ಕಾದಿತ್ತು. ಮೆಲ್ಬರ್ನ್‌ನಲ್ಲೂ ಅದೇ ಮಾತು. ನವೆಂಬರ್ 13ರಂದು ಹಡಗು ಪೋರ್ಟ್ ಮೆಲ್ಬರ್ನ್ ಕಟ್ಟೆ ಬಿಡುವ ಹೊತ್ತಿಗೆ, 49 ವರ್ಷದ ಈ ದಪ್ಪ ಮನುಷ್ಯ ಡೆಕ್ಕಿನಿಂದ ಸುಮಾರು 5 ಮೀಟರ್ ಕೆಳಗೆ ಕಟ್ಟೆಗೆ ಹಾರಿಬಿಟ್ಟರು. ಬಲಗಾಲು ಮುರಿಯಿತು. ಪೊಲೀಸರು ಎತ್ತಿ ಮತ್ತೆ ಹಡಗಿಗೇ ಹಾಕಿದರು.

ಹಡಗು ಸಿಡ್ನಿಗೆ ಬಂತು. ಆದೇಶ ಕಾನೂನಿನ ಕ್ರಮದಲ್ಲಿ ಹೊರಟಿಲ್ಲವೆಂದು ಹೈಕೋರ್ಟಿನ ನ್ಯಾಯಮೂರ್ತಿ ಎವಾಟ್ ಬಿಡುಗಡೆಗೆ ತೀರ್ಪು ಕೊಟ್ಟರು. ಇಳಿದರೆ ಎದುರಿಗೆ ಉಕ್ತಲೇಖನ! ಕಿಶ್ ಅವರಿಗೆ ಹಲವು ಭಾಷೆ ಬರುತ್ತಿತ್ತು. ಆದ್ದರಿಂದ ಅವರಿಗೆ ಖಂಡಿತ ಬಾರದ ಸ್ಕಾಟಿಷ್ ಗೇಲಿಕ್ ಆರಿಸಿ, ಸ್ಕಾಟ್ಲೆಂಡ್ ಮೂಲದ ಪೊಲೀಸ್ ಒಬ್ಬರಿಂದ ಓದಿಸಿದರು. ಅದೇ ಸಮ್ಮೇಳನಕ್ಕೆ ಬಂದ ನ್ಯೂಜಿಲೆಂಡಿನ ಜೆರಾಲ್ಡ್ ಗ್ರಿಫಿನ್ ಅವರಿಗೆ ಕೊಟ್ಟದ್ದು ಡಚ್. ಫೇಲಾಗಲೆಂದೇ ಬರೆಸಿದ ಪರೀಕ್ಷೆಯಲ್ಲಿ ಇಬ್ಬರೂ ಫೇಲಾದರು.

ಜಾಮೀನಿನ ಮೇಲೆ ಹೊರಬಂದ ಕಿಶ್, ಮುರಿದ ಕಾಲಲ್ಲೇ ಸಿಡ್ನಿಯ ಡೊಮೇನ್ ಮೈದಾನದಲ್ಲಿ ಭಾಷಣ ಮಾಡಿದರು. ನಾವು ಆರ್ಟ್ ಗ್ಯಾಲರಿಗೆ ಹೋಗುವಾಗ ದಾಟುವ ಅದೇ ಹುಲ್ಲುಬಯಲು. ಅವತ್ತು ಸೇರಿದ ಜನ ಸುಮಾರು 18,000 ಎಂದು ಅಂದಾಜು. ಒಳಗೆ ಬಿಡದಿದ್ದರಿಂದಲೇ ಅವರ ಮಾತು ಮನೆಮನೆ ಮುಟ್ಟಿತು.

ಕೆಳ ನ್ಯಾಯಾಲಯ ಆರು ತಿಂಗಳ ಸಜೆ ಕೊಟ್ಟಿತು. ವಿಚಾರಣೆಯಲ್ಲಿ ಗೇಲಿಕ್ ಸಾಲೊಂದನ್ನು ಅನುವಾದಿಸಲು ಹೇಳಿದಾಗ, ಪರೀಕ್ಷೆ ಕೊಟ್ಟ ಪೊಲೀಸರ ಉತ್ತರವೇ ಎಲ್ಲೆಲ್ಲಿಗೋ ಹೋಯಿತು. ಡಿಸೆಂಬರ್ 19ರಂದು ಹೈಕೋರ್ಟಿನ ಐವರಲ್ಲಿ ನಾಲ್ವರು, ಕಾಯ್ದೆಯ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಯುರೋಪಿನ ಭಾಷೆಯಲ್ಲ ಎಂದು ಹೇಳಿ ಶಿಕ್ಷೆ ರದ್ದು ಮಾಡಿದರು. ಕಿಶ್ ಗೆದ್ದರು, ಆದರೆ ಸಿಡ್ನಿಯ ಸ್ಕಾಟಿಷ್ ಜನ ಸಿಟ್ಟಾದರು. ಆಡುವವರು ಕಡಿಮೆ ಎಂಬ ಕಾರಣಕ್ಕೆ ತಮ್ಮ ನುಡಿಯನ್ನು ಪಕ್ಕಕ್ಕಿಟ್ಟರಲ್ಲ ಅನ್ನೋ ನೋವು ಅವರದು. ನಮ್ಮ ನಡುವೆ ತುಳು, ಕೊಡವ ಮಾತಾಡುವವರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಮತ್ತೆ ಮೊಕದ್ದಮೆ ಹೂಡಿತು. ಕೊನೆಗೆ ಅವರ ಕೋರ್ಟು ಖರ್ಚು ಕೊಡಲು ಒಪ್ಪಿತು, ಅವರು ಹೊರಡಲು ಒಪ್ಪಿದರು. 1935ರ ಮಾರ್ಚಿನಲ್ಲಿ ಕಿಶ್ ಆಸ್ಟ್ರೇಲಿಯಾ ಬಿಟ್ಟರು. ಈ ಅನುಭವದ ಪುಸ್ತಕ 1937ರಲ್ಲಿ ಬಂತು. ಆಮೇಲೆ ಸ್ಪೇನ್ ಯುದ್ಧಭೂಮಿ, ಮೆಕ್ಸಿಕೋದಲ್ಲಿ ಆಶ್ರಯ. 1946ರಲ್ಲಿ ಹುಟ್ಟೂರಿಗೆ ಮರಳಿ, 1948ರ ಮಾರ್ಚ್ 31ರಂದು ಪ್ರಾಗ್‌ನಲ್ಲೇ ತೀರಿಕೊಂಡರು.

ಅವರು ಸಾಯುವ ಹೊತ್ತಿಗೆ ಇಲ್ಲಿ ಇನ್ನೊಂದು ಬಗೆಯ ಭಾಷಾ ಕೆಲಸ ಶುರುವಾಗಿತ್ತು. ಸಿಡ್ನಿ-ಮೆಲ್ಬರ್ನ್ ರೈಲು ದಾರಿಯಲ್ಲಿ ಸಿಗುವ ಆಲ್ಬರಿ-ವೊಡೊಂಗಾ ಬಳಿ ಬೊನೆಗಿಲ್ಲ ಎಂಬ ವಲಸಿಗರ ಶಿಬಿರ 1947ರ ಕೊನೆಯಲ್ಲಿ ತೆರೆಯಿತು. ಯುದ್ಧದಲ್ಲಿ ಮನೆ ಕಳೆದುಕೊಂಡ ಯುರೋಪಿನವರಿಗೆ ಅಲ್ಲಿ ಇಂಗ್ಲಿಷ್ ಪಾಠ. ಕಲಿಯುವವರ ಭಾಷೆ ಮೇಷ್ಟ್ರಿಗೆ ಬಾರದು. ಹಾಗಾಗಿ ವಸ್ತು ತೋರಿಸಿ, ಚಿತ್ರ ತೋರಿಸಿ, ಅಭಿನಯಿಸಿ, ಇಂಗ್ಲಿಷಿನಲ್ಲೇ ಇಂಗ್ಲಿಷ್ ಕಲಿಸುತ್ತಿದ್ದರು. ಅಂಗಡಿ, ಬಸ್ಸು, ಕೆಲಸದ ಜಾಗ ಇಂಥ ಸನ್ನಿವೇಶಗಳನ್ನೇ ಪಾಠವಾಗಿ ಜೋಡಿಸುವ ಕ್ರಮವನ್ನು ಮುಂದೆ ಸಿಡ್ನಿಯಲ್ಲಿ ಜಾರ್ಜ್ ಪಿಟ್‌ಮನ್ ಮತ್ತು ಜೊತೆಗಾರರು ಬೆಳೆಸಿದರು. ಆದರೂ ಆ ಬಾಗಿಲು ಆಗ ತೆರೆದದ್ದು ಯುರೋಪಿನವರಿಗೆ, ನಮ್ಮಂಥವರಿಗಲ್ಲ. ಉಕ್ತಲೇಖನದ ಪರೀಕ್ಷೆ ರದ್ದಾಗಲು 1958 ಬರಬೇಕಾಯಿತು. ರದ್ದು ಮಾಡಿದ್ದು ಮೆನ್ಜೀಸ್ ಸರ್ಕಾರ. 1934ರಲ್ಲಿ ಅಟಾರ್ನಿ ಜನರಲ್ ಆಗಿ ಕಿಶ್ ಅವರನ್ನು ಹೊರಗಿಡಲು ಹೊರಟವರೂ ಇದೇ ಮೆನ್ಜೀಸ್! ಬಣ್ಣ ನೋಡಿ ತಡೆಯುವ ನೀತಿ ಪೂರ್ತಿ ಹೋದದ್ದು 1973ರಲ್ಲಿ.

ನಾವು ಬರೆದ ಪರೀಕ್ಷೆ ಆ ಪರೀಕ್ಷೆಯಲ್ಲ. ಯಾವ ಭಾಷೆ, ಎಷ್ಟು ಅಂಕ ಬೇಕು ಅಂತ ಮೊದಲೇ ಗೊತ್ತಿತ್ತು, ಓದಿ ತಯಾರಾಗೋಕೆ ದಾರಿಯಿತ್ತು. ಆದರೆ ಅಂಕ ಬಂದ ಮೇಲೂ ಟ್ಯುಟೋರಿಯಲ್‌ನಲ್ಲಿ ಬಾಯಿ ತೆರೆಯಲು ಹೆದರುವ ಹೊಸ ಹುಡುಗ ಹುಡುಗಿಯರು ಪ್ರತಿ ಸೆಮಿಸ್ಟರ್ ಬರ್ತಾರೆ. ಉಚ್ಚಾರ ಕೇಳಿ ನಗುವುದಕ್ಕೆ ಅರೆಕ್ಷಣ ಸಾಕು. ಆ ಅರೆಕ್ಷಣ ನಾವೂ ಬಂದರಿನಲ್ಲಿ ಹಾಳೆ ಹಿಡಿದು ನಿಂತ ಪೊಲೀಸರೇ. ನಮ್ಮೂರ ಮೇಷ್ಟ್ರು ಕೆಂಪು ಗೆರೆ ಎಳೆದ ಮೇಲೆ ಪಕ್ಕದಲ್ಲೇ ಸರಿಯಾದ ಪದವನ್ನೂ ಬರೆದುಕೊಡ್ತಿದ್ದರು. ಅಷ್ಟನ್ನು ನಾವೂ ಮಾಡಬಹುದು.