ಮಾರ್ಗರೇಟ ಸ್ಟೈಫ್

ಕ್ರೋಶಾ ಸೂಜಿಯನ್ನು ಹೊಸದಾಗಿ ಹಿಡಿದ ಬಾಲಿಕೆಯರು ಈಚೆಗೆ ಬಹಳವಾಗಿ ಇಚ್ಛಿಸುವುದು, ಉಣ್ಣೆಯ ದಾರದಿಂದ ಹೆಣೆದು ಒಳಗೆ ಹತ್ತಿಯನ್ನು ತುಂಬಿದ ಪುಟ್ಟ ಆನೆ ಕರಡಿಗಳನ್ನೇ. ಇಂಥ ಮೆತ್ತನೆಯ ಪ್ರಾಣಿಗಳನ್ನು ದೇಶದೇಶಗಳ ಮಕ್ಕಳ ಕೈಗೆ ತಲುಪಿಸಿದವರಲ್ಲಿ ಅಗ್ರಗಣ್ಯಳಾದ ಮಾರ್ಗರೇಟ ಸ್ಟೈಫಳ ಚರಿತ್ರೆಯನ್ನು ಅವರೂ ಅವರ ತಾಯಿತಂದೆಗಳೂ ತಿಳಿಯತಕ್ಕದ್ದು. ಆಕೆಯ ಕೈಯಲ್ಲಿದ್ದುದು ಮಾತ್ರ ಹೊಲಿಗೆಯ ಸೂಜಿ.

ಆಕೆಯು 1847ನೆಯ ಇಸವಿ ಜುಲೈ 24ರಂದು ಜರ್ಮನಿ ದೇಶದ ವುರ್ಟೆಂಬೆರ್ಗ್ ಸೀಮೆಯ ಗೀಂಗೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದಳು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗ್ ಪಂಡಿತರೂ ಆ ಸೀಮೆಯವರೇ. ಮಗುವಿಗೆ ಒಂದೂವರೆ ವರ್ಷವಾದಾಗ ಬಂದ ಜ್ವರವು ಎರಡು ಕಾಲುಗಳ ಶಕ್ತಿಯನ್ನೂ ಅಪಹರಿಸಿ ಬಲಗೈಯನ್ನೂ ಬಲಹೀನಮಾಡಿತು. ನಾವು ಇಂದು ಪೋಲಿಯೋ ಎಂದು ಕರೆಯುವ ವ್ಯಾಧಿಯದು. 1856ರಲ್ಲಿ ಲುಡ್ವಿಗ್ಸ್‌ಬುರ್ಗ್ ಪಟ್ಟಣದಲ್ಲಿ ಮಾಡಿಸಿದ ಶಸ್ತ್ರಚಿಕಿತ್ಸೆಯಿಂದ ಫಲ ದೊರೆಯಲಿಲ್ಲ. ಆದಾಗ್ಯೂ ಆಕೆ ಶಾಲೆಯನ್ನು ಬಿಡಲಿಲ್ಲ. ಕೈಬಂಡಿಯಲ್ಲಿ ಕುಳ್ಳಿರಿಸಿ ಆಕೆಯನ್ನು ಎಳೆದುಕೊಂಡು ಹೋಗುತ್ತಿದ್ದರು.

ಹೊಲಿಗೆಯ ಶಾಲೆಗೆ ಸೇರಬೇಕೆಂದು ಹಟಹಿಡಿದಾಗ, ಇದು ಮಗಳಿಂದ ಆಗದ ಕೆಲಸವೆಂದು ತಂದೆಯು ಶಂಕಿಸಿದನು. ಆ ಶಂಕೆಗೆ ಕಾರಣವಿಲ್ಲದಿರಲಿಲ್ಲ. ಬಲಗೈಯನ್ನು ಎತ್ತಿದರೆ ನೋವು. ಆದರೂ ಹದಿನೇಳನೆಯ ವಯಸ್ಸಿನಲ್ಲಿ ಆಕೆ ಆ ಶಿಕ್ಷಣವನ್ನು ಪೂರೈಸಿದಳು. ತರುವಾಯ ಅಕ್ಕಂದಿರೊಡನೆ ಹೆಂಗಸರ ಉಡುಪುಗಳನ್ನು ಹೊಲಿಯುವ ಉದ್ಯೋಗವನ್ನು ಕೈಕೊಂಡಳು. ಹೊಲಿಗೆಯಂತ್ರದ ಚಕ್ರವಿರುವುದು ಬಲಗಡೆಯಲ್ಲಷ್ಟೆ. ಆ ಕೈಯಿಂದ ತಿರುಗಿಸಲಾರದೆ, ಯಂತ್ರವನ್ನೇ ಹಿಂದುಮುಂದಾಗಿ ಇರಿಸಿಕೊಂಡು ಎಡಗೈಯಿಂದ ತಿರುಗಿಸಿದಳು. ಹೊಲಿಗೆಯ ತರಗತಿಗಳಲ್ಲಿ ಚುರುಕಾದ ಕೈಯನ್ನೇ ಹೊಗಳುವ ವಾಡಿಕೆಯು ನಮ್ಮಲ್ಲಿ ಬಹಳವಾಗಿದೆ. ಆ ಲೆಕ್ಕದಲ್ಲಿ ಈ ವಿದ್ಯಾರ್ಥಿನಿಗೆ ಎಷ್ಟು ಅಂಕಗಳು ಸಿಕ್ಕುತ್ತಿದ್ದವೋ ನಾನರಿಯೆ.

1877ರಲ್ಲಿ ಆಕೆ ಫೆಲ್ಟ್ ಬಟ್ಟೆಯ ಉಡುಪುಗಳ ಅಂಗಡಿಯನ್ನು ತೆರೆದಳು. ಫೆಲ್ಟ್ ಎಂಬುದು ನೇಯದೆ, ಉಣ್ಣೆಯನ್ನು ಒತ್ತಿ ಮಾಡಿದ ಬಟ್ಟೆ. ಕತ್ತರಿಸಿದರೆ ಅಂಚಿನಲ್ಲಿ ಎಳೆ ಬಿಚ್ಚುವುದಿಲ್ಲವಾದಕಾರಣ ಚಿಕ್ಕ ತುಂಡುಗಳನ್ನೂ ಸುಲಭವಾಗಿ ಜೋಡಿಸಿ ಹೊಲಿಯಬಹುದು. ಬೊಂಬೆಯನ್ನು ಮೊದಲ ಸಲ ಹೊಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಬಟ್ಟೆ ವಿರಳ. 1879ರ ಡಿಸೆಂಬರಿನಲ್ಲಿ ಸ್ತ್ರೀಯರ ಉಡುಪಿನ ಪತ್ರಿಕೆಯೊಂದರಲ್ಲಿ ಆಕೆ ಆನೆಯ ನಮೂನೆಯೊಂದನ್ನು ಕಂಡು, ಅದರಂತೆ ಫೆಲ್ಟನ್ನು ಕತ್ತರಿಸಿ ಹೊಲಿದು ಒಳಗೆ ಉಣ್ಣೆಯನ್ನು ತುಂಬಿದಳು. ಆಕೆಯ ಮನಸ್ಸಿನಲ್ಲಿದ್ದುದು ಆಟಿಕೆಯಲ್ಲ, ಗುಂಡುಸೂಜಿಗಳನ್ನು ಚುಚ್ಚಿಡುವ ಮೆತ್ತೆ. ಹೆಂಗಸರಿಗೆಂದು ಮಾಡಿದ ಆ ಆನೆಯನ್ನು ಮಕ್ಕಳು ತಮ್ಮದಾಗಿ ಮಾಡಿಕೊಂಡು ಆಡತೊಡಗಿದರು. 1886ರ ವೇಳೆಗೆ 5,000ಕ್ಕಿಂತ ಹೆಚ್ಚು ಆನೆಗಳು ಮಾರಾಟವಾಗಿದ್ದವು. ಕುದುರೆ, ಒಂಟೆ, ಕೋತಿಗಳೂ ಹಿಂಬಾಲಿಸಿದವು.

ಕರಡಿಯ ಕಥೆಯು ಎಲ್ಲರೂ ಬಲ್ಲದ್ದೇ. ಕೈಕಾಲುಗಳು ತಿರುಗುವ ಕರಡಿಯನ್ನು 1902ರಲ್ಲಿ ಕಲ್ಪಿಸಿದವನು ಸೋದರನ ಮಗನಾದ ರಿಚರ್ಡ್. ಮರುವರ್ಷ ಲೈಪ್ಸಿಗ್ ಸಂತೆಯಲ್ಲಿ ಅಮೆರಿಕದ ವ್ಯಾಪಾರಿಯೊಬ್ಬನು 3,000 ಕರಡಿಗಳನ್ನು ಬೇಡಿದನು. ಅಧ್ಯಕ್ಷ ರೂಸ್‌ವೆಲ್ಟನ ಮುದ್ದು ಹೆಸರಿನಿಂದ ಅಂಥ ಕರಡಿಗಳಿಗೆ ಟೆಡ್ಡಿ ಎಂಬ ಹೆಸರು ಬಂದಿತು. 1907ರಲ್ಲಿ ಗೀಂಗೆನ್ನಿನ ಕಾರ್ಖಾನೆಯಿಂದ 9,74,000 ಕರಡಿಗಳು ಹೊರಟವು. ಇಷ್ಟಾದರೂ ಹೊಸ ಪ್ರಾಣಿಯ ಮಾದರಿಯನ್ನು ತಾನೇ ಪರೀಕ್ಷಿಸದೆ ಆಕೆ ಮಾರಾಟಕ್ಕೆ ಬಿಡುತ್ತಿರಲಿಲ್ಲ.

ಅನ್ಯರ ಅನುಕರಣೆಗಳಿಂದ ತಮ್ಮ ಬೊಂಬೆಗಳನ್ನು ಗುರುತಿಸುವುದಕ್ಕಾಗಿ 1904ರಿಂದ ಅವುಗಳ ಕಿವಿಯಲ್ಲಿ ಲೋಹದ ಗುಂಡಿಯೊಂದನ್ನು ಇಡುವ ಪದ್ಧತಿ ಆರಂಭವಾಯಿತು. ಮಾರ್ಗರೇಟಳು 1909ನೆಯ ಇಸವಿ ಮೇ 9ರಂದು, ತನ್ನ ಅರುವತ್ತೊಂದನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಜ್ವರದಿಂದ ತೀರಿಕೊಂಡಳು. ಆ ಗುಂಡಿಯನ್ನು ಇಂದಿಗೂ ಅಲ್ಲಿನ ಬೊಂಬೆಗಳ ಎಡಗಿವಿಯಲ್ಲಿ ಕಾಣಬಹುದು.