ಇಪ್ಪತ್ತಮೂರು ವರ್ಷ ಕಾದ ಗೌರವ

ಈಚೆಗೆ ಮಡಿಕೇರಿಗೆ ಹೋಗಿದ್ದಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಅಲ್ಲಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದ ಯುವಕರಿಗೆ ಅವರು ಯಾರೆಂದು ತಿಳಿದಿರಲಿಲ್ಲ. ನಾನು ಹೇಳಿದ ಮೇಲೆ ಒಬ್ಬನಿಗೆ 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ನೆನಪಾಯಿತು. ಚಿತ್ರದಲ್ಲಿ ಹೆಸರು ಬೇರೆಯಾಗಿದ್ದುದರಿಂದ ಆ ಕಥೆಗೆ ಪ್ರೇರಣೆ ಕೊಡಗಿನ ಈ ಯೋಧನೆಂಬುದು ಅವನಿಗೆ ಹೊಳೆದಿರಲಿಲ್ಲ. ಯುದ್ಧದಲ್ಲಿ ಪ್ರಾಣ ತೆತ್ತವರನ್ನು ಇಂದಿನ ಪೀಳಿಗೆ ಮರೆತಿದೆ ಎಂದು ಕೊರಗುವುದು ನನ್ನ ವಯಸ್ಸಿನವರ ಅಭ್ಯಾಸ. ಆದರೆ ದೇವಯ್ಯನವರ ಬದುಕನ್ನು ನೋಡಿದರೆ, ಅವರನ್ನು ಗುರುತಿಸದೇ ಹೋದವರಲ್ಲಿ ಈ ಯುವಕರು ಮೊದಲಿಗರೇನಲ್ಲ.

ದೇವಯ್ಯ ಜನಿಸಿದ್ದು 1932ರ ಡಿಸೆಂಬರ್ 24ರಂದು. ತಂದೆ ವೈದ್ಯರು. 1954ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಅವರು, 1965ರ ಯುದ್ಧ ಸಮೀಪಿಸುವ ಹೊತ್ತಿಗೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಬೋಧಕರಾಗಿದ್ದರು. ಯುದ್ಧಕ್ಕಾಗಿ ಅವರನ್ನು ಒಂದನೇ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು. ಮನೆಯಲ್ಲಿ ಪತ್ನಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ಮಾಡಿ, ನಮ್ಮ ಹಲವು ವಿಮಾನಗಳನ್ನು ನೆಲದ ಮೇಲೆಯೇ ನಾಶಪಡಿಸಿದವು. ಮರುದಿನ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ನೇತೃತ್ವದಲ್ಲಿ ಪಂಜಾಬಿನ ಆದಂಪುರದಿಂದ ಹೊರಟ ಮಿಸ್ಟೇರ್ ವಿಮಾನಗಳ ಗುರಿ, ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾ. ದಾಳಿಗೆ ನಿಗದಿಯಾಗಿದ್ದುದು ಹನ್ನೆರಡು ವಿಮಾನಗಳು. ದೇವಯ್ಯನವರ ಹೆಸರು ಅದರಲ್ಲಿ ಇರಲಿಲ್ಲ. ಯಾರಾದರೂ ಹೊರಡಲಾಗದಿದ್ದರೆ ಮಾತ್ರ ಹೋಗಬೇಕಾದ ಮೀಸಲು ಪೈಲಟ್ ಅವರು. ಆ ಸಂದರ್ಭ ಒದಗಿತು, ಅವರು ಹೊರಟರು.

ಮರಳುವ ಹಾದಿಯಲ್ಲಿ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಅವರ ಬೆನ್ನು ಹತ್ತಿತು. ಅಮೆರಿಕ ನಿರ್ಮಿತ ಆ ವಿಮಾನದ ವೇಗ ಶಬ್ದದ ವೇಗಕ್ಕಿಂತ ಎರಡು ಪಟ್ಟು. ಫ್ರಾನ್ಸಿನಿಂದ ಬಂದ ಮಿಸ್ಟೇರ್ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಗುಂಡಿನ ಏಟು ತಿಂದ ದೇವಯ್ಯನವರ ಕಥೆ ಮುಗಿಯಿತೆಂದು ಭಾವಿಸಿ ಎದುರಾಳಿ ಪೈಲಟ್ ಅಮ್ಜದ್ ಹುಸೇನ್ ಉಳಿದ ವಿಮಾನಗಳನ್ನು ಅರಸಿ ಮುಂದೆ ಸಾಗಿದ. ಜಖಂಗೊಂಡ ವಿಮಾನವನ್ನು ಗಡಿಯ ಕಡೆಗೆ ತಿರುಗಿಸುವ ಬದಲು ದೇವಯ್ಯ ಅವನನ್ನು ಎದುರಿಸಿದರು, ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅಮ್ಜದ್ ಧುಮುಕುಕೊಡೆಯ ನೆರವಿನಿಂದ ಬದುಕಿಕೊಂಡ. ದೇವಯ್ಯ ಹಿಂತಿರುಗಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲಿ ಮಣ್ಣು ಮಾಡಿದರೆಂಬುದು ಬಹಳ ಕಾಲದ ನಂತರ ತಿಳಿದುಬಂತು. ಆಗ ಅವರ ವಯಸ್ಸು 32.

ಈ ಕಾದಾಟವನ್ನು ಸಹಚರರಾರೂ ಕಂಡಿರಲಿಲ್ಲ. ಆದ್ದರಿಂದ ನಮ್ಮ ದಾಖಲೆಗಳಲ್ಲಿ ಅವರ ಹೆಸರಿನ ಎದುರು ಉಳಿದದ್ದು ಕಾಣೆಯಾದವರು ಎಂಬ ಷರಾ ಮಾತ್ರ. ಮುಂದೆ ಮೃತರೆಂದು ಪರಿಗಣಿಸಲಾಯಿತು. ಯುದ್ಧಾನಂತರ ಶೌರ್ಯ ಪ್ರಶಸ್ತಿಗಳನ್ನು ನೀಡಿದಾಗ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಸಾಕ್ಷ್ಯವಿಲ್ಲದೆ ಪ್ರಶಸ್ತಿಯಿಲ್ಲ ಎಂಬ ನಿಯಮ ತನ್ನ ಕೆಲಸ ಮಾಡಿತ್ತು.

ಸಾಕ್ಷ್ಯ ಬಂದದ್ದು ಶತ್ರುವಿನ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಮ್ಮ ಸ್ಟಾರ್‌ಫೈಟರೊಂದು ಭಾರತದ ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಉರುಳಿದ ವಿವರವಿತ್ತು. ಆ ದಿನ ಹಿಂತಿರುಗದ ಪೈಲಟ್ ಯಾರೆಂದು ತಾಳೆ ನೋಡಿದಾಗ ಉಳಿದ ಹೆಸರು ದೇವಯ್ಯನವರದೊಂದೇ. ಅಂದು ದಾಳಿಯ ನೇತೃತ್ವ ವಹಿಸಿದ್ದ ತನೇಜಾ ಅವರು ಇದನ್ನು ಓದಿ ಸುಮ್ಮನಾಗದೆ, ವಿಷಯವನ್ನು ವಾಯುಪಡೆಯ ಮುಖ್ಯಸ್ಥರವರೆಗೆ ಒಯ್ದರು. 1988ರಲ್ಲಿ, ಮರಣದ ಇಪ್ಪತ್ತಮೂರು ವರ್ಷಗಳ ನಂತರ, ಪರಮವೀರ ಚಕ್ರದ ನಂತರದ ಸ್ಥಾನದಲ್ಲಿರುವ ಮಹಾವೀರ ಚಕ್ರವನ್ನು ದೇವಯ್ಯನವರ ಪತ್ನಿ ಸ್ವೀಕರಿಸಿದರು.

ಆ ವರ್ಷ ನಾನು ಸೇವೆಗೆ ಹೊಸಬ. ಪತ್ರಿಕೆಯಲ್ಲಿ ಸುದ್ದಿ ಓದಿ ಹೆಮ್ಮೆಪಟ್ಟದ್ದು ನೆನಪಿದೆ. ಅದರಿಂದ ಪಾಠ ಕಲಿಯಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಕೆಲವೇ ವರ್ಷಗಳ ಬಳಿಕ ಉಪವಿಭಾಗವೊಂದರ ಅಧಿಕಾರಿಯಾಗಿದ್ದಾಗ, 1971ರ ಯುದ್ಧದಲ್ಲಿ ಮಡಿದ ಜವಾನನೊಬ್ಬನ ಪತ್ನಿ ಜಮೀನು ಮಂಜೂರಾತಿಗಾಗಿ ಅರ್ಜಿ ಹಿಡಿದು ಬಂದಿದ್ದರು. ಗಂಡ ಯುದ್ಧದಲ್ಲೇ ಸತ್ತನೆಂಬುದಕ್ಕೆ ಬೇಕಾದ ಪ್ರಮಾಣಪತ್ರ ಅವರಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಮನೆ ಬಿದ್ದಾಗ ಹಾಳಾಯಿತೆಂದರು. ದಾಖಲೆಗಳ ಕೊರತೆಯಿಂದ ಅರ್ಜಿಯನ್ನು ಪರಿಗಣಿಸಲಾಗದು ಎಂದು ನಾನು ಷರಾ ಬರೆದೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಅವನ ರೆಜಿಮೆಂಟಿನ ದಾಖಲೆ ಕಚೇರಿಗೆ ಒಂದು ಪತ್ರ ಬರೆದಿದ್ದರೆ ಬಹುಶಃ ಉತ್ತರ ಬರುತ್ತಿತ್ತು. ಬರೆಯಲಿಲ್ಲ. ಆ ದಿನ ಮೇಜಿನ ಮೇಲೆ ಇನ್ನೂ ನಲವತ್ತು ಕಡತಗಳಿದ್ದವು. ಆಕೆ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಕೈಮುಗಿದು ಹೊರಟುಹೋದರು. ಮತ್ತೆ ಬರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೊದಲು ಕಲಿತ ಸಂಗತಿಗಳಲ್ಲಿ, ಮನೆಯೊಳಗಿನ ಹೆಣ್ಣುಮಕ್ಕಳ ದುಡಿಮೆ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ಒಂದು. ಲೆಕ್ಕಕ್ಕೆ ಬರುವುದಿಲ್ಲವೆಂದ ಮಾತ್ರಕ್ಕೆ ಆ ದುಡಿಮೆ ಇಲ್ಲವೆಂದಾಗದು. ತ್ಯಾಗದ ಮಾತೂ ಹಾಗೆಯೇ. ದೇವಯ್ಯ 1965ರಲ್ಲಿ ಎಷ್ಟು ಶೂರರೋ 1988ರಲ್ಲಿಯೂ ಅಷ್ಟೇ. ಈ ನಡುವೆ ಬದಲಾದದ್ದು ಕಡತ ಮಾತ್ರ.

ಹಾಗಾದರೆ ಜನ ಮರೆತಿದ್ದಾರೆಯೇ? ನನಗೆ ಹಾಗೆನ್ನಿಸುವುದಿಲ್ಲ. 2019ರಲ್ಲಿ ದೆಹಲಿಯಲ್ಲಿ ಲೋಕಾರ್ಪಣೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಬಂಧುಗಳ ಹೆಸರನ್ನು ಬೆರಳಿನಿಂದ ಸವರಿ ನಿಲ್ಲುವವರನ್ನು ಕಂಡಿದ್ದೇನೆ. ಮಡಿಕೇರಿಯ ಆ ಯುವಕರು ಕೂಡ ವಿಷಯ ತಿಳಿದ ಮೇಲೆ ಮೊಬೈಲ್ ಜೇಬಿಗಿಟ್ಟು ಒಂದು ನಿಮಿಷ ಮೌನವಾಗಿ ನಿಂತರು. ಹೇಳುವವರಿದ್ದರೆ ಕೇಳುವವರಿಗೆ ಕೊರತೆಯಿಲ್ಲ. ಕೊರತೆಯಿರುವುದು, ಒಮ್ಮೆ ಮುಚ್ಚಿದ ಕಡತವನ್ನು ಮತ್ತೆ ತೆರೆಯುವ ತಾಳ್ಮೆಗೆ. ಪ್ರತಿಮೆ, ವೃತ್ತ, ಚಲನಚಿತ್ರಗಳೆಲ್ಲ ಬಂದದ್ದು ಆ ತಾಳ್ಮೆ ಫಲಿಸಿದ ಮೇಲೆ. ಇಂದು ಅಧಿಕಾರದಲ್ಲಿರುವ ಕಿರಿಯರಿಗೆ ನನ್ನ ವಿನಂತಿ ಇಷ್ಟೇ: ಯೋಧನ ಮನೆಯವರ ಅರ್ಜಿ ನಿಮ್ಮ ಮೇಜಿಗೆ ಬಂದಾಗ, ಇಲ್ಲದ ಕಾಗದವನ್ನು ಅವರಿಂದ ಕೇಳುವ ಮೊದಲು ನೀವೇ ಒಮ್ಮೆ ಹುಡುಕಿ.

ದೇವಯ್ಯನವರಿಗೆ ತನೇಜಾ ಸಿಕ್ಕರು. ಆ ಹೆಣ್ಣುಮಗಳಿಗೆ ಸಿಕ್ಕಿದ್ದು ನಾನು.